ಐತವಾರದ ಪಾರ್ಟಿಶನ್

ನಳ ಬರುವ ದಿನವಾದರೆ ಮೊದಲು ನೀರು. ಅಂಗಳದ ಬ್ಯಾರಲ್ಲು, ಕೊಡಗಳು, ಬಚ್ಚಲಮನೆಯ ಬಕೆಟ್ಟುಗಳು, ಕೊನೆಗೆ ಕುಡಿಯುವ ನೀರಿನ ಸ್ಟೀಲ್ ಟಾಕಿ. ಅದು ತುಂಬುವಷ್ಟರಲ್ಲಿ ಅಂಗಳ ಗುಡಿಸಿ ನೀರು ಹೊಡೆಯುವುದು. ಅತ್ತೆಯ ಮೊಣಕಾಲಿಗೆ ಬಿಸಿನೀರು, ಆಮೇಲೆ ಅವರಿಗೆ ಸಕ್ಕರೆ ಕಡಿಮೆಯ ಚಹಾ. ಗಂಡನಿಗೆ ಸಕ್ಕರೆ ಹೆಚ್ಚಿನ ಚಹಾ, ಹಾಸಿಗೆಯ ತನಕ. ಬೇಳೆ ಕುಕ್ಕರಿಗೆ, ಬದನೆಕಾಯಿ ಬಾಣಲೆಗೆ. ಜೋಳದ ಹಿಟ್ಟಿಗೆ ಕುದಿನೀರು ಹೊಯ್ದು, ಕೈ ಸುಟ್ಟರೂ ನಾದಿ, ರೊಟ್ಟಿ ಬಡಿಯುವುದು. ಮಗಳ ಜಡೆ, ಮಗಳ ಡಬ್ಬಿ, ಪ್ರತಿದಿನ ತಪ್ಪದೆ ಕಾಣೆಯಾಗುವ ಮಗಳ ಒಂದು ಕಾಲುಚೀಲ. ಗಂಡನ ಅಂಗಿಗೆ ಇಸ್ತ್ರಿ. ಇಸ್ತ್ರಿ ಪೆಟ್ಟಿಗೆ ಎಲ್ಲಿದೆ ಎಂದು ಅವನು ಮದುವೆಯಾದಾಗಿನಿಂದ ಕೇಳುತ್ತಲೇ ಬಂದಿದ್ದಾನೆ. ಅದು ಮದುವೆಯಾದಾಗಿನಿಂದ ಅದೇ ಗೂಡಿನಲ್ಲಿದೆ.

ಇಷ್ಟೆಲ್ಲ ಮುಗಿದ ಮೇಲೆ ಬೀದರದ ಮೈಲೂರು ಓಣಿಯ ಮಾಳಿಗೆಗಳ ಮೇಲೆ ಬೆಳಕು ಹರಿಯುತ್ತದೆ. ಮನೆಯವರು ಮೈಮುರಿದು "ಬೆಳಗಾಯಿತು" ಎನ್ನುತ್ತಾರೆ, ಅದು ತನ್ನಷ್ಟಕ್ಕೆ ತಾನೇ ಆದ ಹಾಗೆ.

ಬೆಳಗು ಮಾಡುವವಳು ಮಹಾಮಾಯಾ. ಔರಾದ ತಾಲೂಕಿನ ಠಾಣಾ ಕುಶನೂರದ ಹೆಣ್ಣುಮಗಳು. ತೊಗರಿ ಹೊಲದ ಒಕ್ಕಲುತನದಲ್ಲೇ ಅವಳ ಅಪ್ಪ ಅವಳನ್ನು ಬೀದರದಲ್ಲಿಟ್ಟು ಕಂಪ್ಯೂಟರ್ ಡಿಪ್ಲೊಮಾ ಓದಿಸಿದ. ಓದಿದ್ದು ಫಲ ಕೊಟ್ಟಿತು. ತೊಗರಿ, ಸೋಯಾ ಖರೀದಿ ಮಾಡುವ ರೈತರ ಸಹಕಾರ ಒಕ್ಕೂಟವೊಂದರ ಬೀದರ ಕಚೇರಿಯಲ್ಲಿ ಅವಳಿಗೆ ಮಶೀನ್ ಖೋಲಿಯ ಕೆಲಸ ಸಿಕ್ಕಿತು.

ಮಶೀನ್ ಖೋಲಿ ಎಂದರೆ ಸದಾ ಥಂಡಿಯಿರುವ, ಕಿಟಕಿಯಿಲ್ಲದ ಒಂದು ಕೋಣೆ. ಅದರಲ್ಲಿ ಗೋದ್ರೆಜ್ ಅಲಮಾರಿಯಷ್ಟು ಎತ್ತರದ ಒಂದು ಸರ್ವರ್. ನೋಡಲು ಒಂದೇ ಮಶೀನು. ಒಳಗೆ ಮೂರು ಸಂಸಾರ. ಒಕ್ಕೂಟದವರು ಅದನ್ನು ಮೂರು ಪಾರ್ಟಿಶನ್ ಮಾಡಿಟ್ಟಿದ್ದಾರೆ: ಬೀದರದ್ದೊಂದು, ಭಾಲ್ಕಿಯದ್ದೊಂದು, ಔರಾದದ್ದೊಂದು. ಒಂದರ ಲೆಕ್ಕ ಇನ್ನೊಂದಕ್ಕೆ ಕಾಣುವುದಿಲ್ಲ, ಒಂದು ಬಿದ್ದರೆ ಇನ್ನೊಂದು ಬೀಳುವುದಿಲ್ಲ. ಯೋಚಿಸುವ ಶಕ್ತಿ, ನೆನಪಿಡುವ ಶಕ್ತಿ ಎರಡೂ ಇರುವುದು ಹಲಗೆಯಂಥ ಬೋರ್ಡುಗಳಲ್ಲಿ. ಯಾವ ಊರಿಗೆ ಕೆಲಸ ಹೆಚ್ಚೋ ಆ ಊರಿನ ಪಾರ್ಟಿಶನ್ನಿಗೆ ಒಂದು ಬೋರ್ಡು ಹೆಚ್ಚಿಗೆ. ಸುಗ್ಗಿ ಬದಲಾದರೆ ಬೋರ್ಡೂ ಊರು ಬದಲಿಸಬೇಕು. ಅಲಮಾರಿ ಬಿಚ್ಚುವ ಹಾಗಿಲ್ಲ, ಮಶೀನು ನಿಲ್ಲಿಸುವ ಹಾಗಿಲ್ಲ. ಕೀಲಿಮಣೆಯ ಮುಂದೆ ಕೂತು, ಒಂದು ಪಾರ್ಟಿಶನ್ನಿನಿಂದ ಬಿಡಿಸಿ ಇನ್ನೊಂದಕ್ಕೆ ಸೇರಿಸಬೇಕು.

ಇಷ್ಟು ದಿನ ಅದನ್ನು ಮಾಡುತ್ತಿದ್ದವರು ಖೋಲಿಯ ಇನ್‌ಚಾರ್ಜ್ ಫಕ್ರೋದ್ದೀನ ಸಾಬರು. ಈ ತಿಂಗಳು ಅವರು ನಿವೃತ್ತರಾಗುತ್ತಾರೆ. ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಈಗ ಹೈದರಾಬಾದಿನ ಮಗಳ ಮನೆಯಲ್ಲಿದ್ದಾರೆ. ಭಾಲ್ಕಿಯಲ್ಲಿ ಸೋಯಾ ಖರೀದಿ ಮುಗಿದಿತ್ತು. ಬೀದರದಲ್ಲಿ ತೊಗರಿ ಸುರಿಯುತ್ತಿತ್ತು. ಐತವಾರದ ಬೋರ್ಡು ಬದಲಾವಣೆಯನ್ನು ಮಹಾಮಾಯಾ ಒಬ್ಬಳೇ ಮಾಡಬೇಕು, ಸರಿಯಾಗಿ ಮಾಡಿದರೆ ಇನ್‌ಚಾರ್ಜ್ ಹುದ್ದೆಗೆ ಅವಳದೇ ಹೆಸರು ಎಂದು ಸಾಬರು ಕಾರ್ಯದರ್ಶಿಗೆ ಹೇಳಿಟ್ಟಿದ್ದರು. ಕಾರ್ಯದರ್ಶಿ ತಲೆಯಾಡಿಸಿ ಒಂದು ಬಾಲಂಗೋಚಿ ಅಂಟಿಸಿದ್ದರು: "ಹೆಣ್ಮಗಳು. ರಾತ್ರಿ ಪಾಳಿ ಇರ್ತದ. ಮನ್ಯಾಗ ಕೇಳ್ಕೊಂಡು ಹೇಳಲಿ. ಐತವಾರ ನಾ ಹೆಸರು ಕಳಸಬೇಕು."

ಶನಿವಾರ ಬೆಳಗ್ಗೆ ಸಾಬರ ಫೋನ್ ಬಂದಾಗ ಮಹಾಮಾಯಾಳ ಎರಡೂ ಕೈ ಹಿಟ್ಟಿನಲ್ಲಿದ್ದವು. ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ರೊಟ್ಟಿ ಬಡಿಯುತ್ತಲೇ ಮಾತಾಡಿದಳು. ಬಡಿತದ ಸದ್ದಿಗಿಂತ ದನಿ ಎತ್ತರವಾಗಿರಬೇಕಲ್ಲ.

"ಹೂಂ ಸಾಬ್ರ, ಐತವಾರ ಪಾರ್ಟಿಶನ್ ಕೆಲಸ ಮುಗಿಸೇ ಬಿಡ್ತೇನಿ. ಭಾಲ್ಕಿದಾಗಿಂದ ಒಂದು ತಗದು ಬೀದರಕ್ಕ ಹಾಕೂದು, ಅಷ್ಟೇ ಅಲ್ರಿ? ಔರಾದದ್ದಕ್ಕ ಕೈ ಹಚ್ಚಂಗಿಲ್ಲ... ಬಿಡಲಿಲ್ಲಂದ್ರ? ಬಿಡೂತನಾ ಕೂಡ್ತೇನಿ. ಜಬರದಸ್ತಿ ಯಾಕ?... ಇಲ್ರಿ, ಮನ್ಯಾಗ ಇನ್ನಾ ಯಾರಿಗೂ ಹೇಳಿಲ್ಲ."

ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಅತ್ತೆ ಕೌಸಲ್ಯಾಬಾಯಿಗೆ ಈ ಮಾತುಗಳಲ್ಲಿ ಅರ್ಥವಾಗದ್ದು ಒಂದೂ ಇರಲಿಲ್ಲ. ಪಾರ್ಟಿಶನ್ ಎಂದರೇನೆಂದು ಬೀದರ ಜಿಲ್ಲೆಯ ಯಾವ ಮನೆಗೂ ಬಿಡಿಸಿ ಹೇಳಬೇಕಾಗಿಲ್ಲ. ಹೊಲದ ನಡುವೆ ಹೊಸ ಬದು, ಅಂಗಳದ ನಡುವೆ ಹೊಸ ಗೋಡೆ, ಒಂದು ಒಲೆ ಎರಡಾಗುವುದು. ಅವರ ಗಂಡ ಬದುಕಿದ್ದಾಗ ಭಾಲ್ಕಿಯಲ್ಲಿ ಎರಡು ಪ್ಲಾಟು ಹಿಡಿದಿದ್ದರು. ಒಂದರಲ್ಲಿ ಮಗಳು ಸಪನಾ ಮನೆ ಕಟ್ಟಿಕೊಂಡಿದ್ದಾಳೆ, ಇನ್ನೊಂದರಲ್ಲಿ ಜಾಲಿ ಬೆಳೆದಿದೆ. ಸೊಸೆ ಭಾಲ್ಕಿಯದೊಂದನ್ನು ತೆಗೆದು ಬೀದರಕ್ಕೆ ಹಾಕುತ್ತಾಳಂತೆ. ತನ್ನ ತವರಿನ ಔರಾದದ್ದಕ್ಕೆ ಮಾತ್ರ ಕೈ ಹಚ್ಚುವುದಿಲ್ಲವಂತೆ. ಬಿಡುವ ತನಕ ಕೂಡುತ್ತಾಳಂತೆ. ಮನೆಯಲ್ಲಿ ಹೇಳಿಲ್ಲವಂತೆ. ಅದ್ಯಾರೋ ವಕೀಲ ಸಾಬನನ್ನು ಹಿಡಿದಿದ್ದಾಳೆ!

ಕೌಸಲ್ಯಾಬಾಯಿ ಅರ್ಧ ಚಹಾ ಬಿಟ್ಟು, ಮೊಣಕಾಲು ನೋವನ್ನೂ ಮರೆತು, ಮಾಳಿಗೆ ಏರಿ ಮಗಳಿಗೆ ಫೋನ್ ಹಚ್ಚಿದರು.

ಆ ದಿನವಿಡೀ ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಮಹಾಮಾಯಾಳಿಗೆ ಅನಿಸಿತು. ಅತ್ತೆ ಅವಳ ಕೈಯಿಂದ ತಟ್ಟೆ ಇಸಿದುಕೊಳ್ಳಲಿಲ್ಲ. ನೆಲದ ಮೇಲಿಟ್ಟ ಮೇಲೆ ಎತ್ತಿಕೊಂಡರು. ಸಂಜೆ ಕಾಲೇಜಿನಿಂದ ಬಂದ ಗಂಡ ನಾಗಸೇನ ಅವಳ ಮುಖ ನೋಡದೆ ಊಟ ಮಾಡಿದ. ಹುದ್ದೆಯ ವಿಷಯ ಎತ್ತಬೇಕೆಂದು ಅವಳು ಎರಡು ಸಲ ಬಾಯಿ ತೆರೆದಳು. ಎರಡೂ ಸಲ ಅವನು ಪೇಪರ್ ಹಿಡಿದ.

ಐತವಾರ ಅವಳು ಸ್ವೆಟರ್ ಕೈಗೆತ್ತಿಕೊಂಡು ಹೊರಡುವಷ್ಟರಲ್ಲಿ ಬಾಗಿಲಲ್ಲಿ ಸಪನಾ ನಿಂತಿದ್ದಳು. ಭಾಲ್ಕಿಯಿಂದ ಮೊದಲ ಬಸ್ಸಿಗೇ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ.

"ವೈನಿ, ಎಲ್ಲಿಗಿ ಹೊಂಟೀರಿ? ವಕೀಲ ಸಾಬನ ಕಡಿಗೇನು?"

"ಯಾವ ವಕೀಲ?"

"ಗೊತ್ತೇ ಇಲ್ಲ ನೋಡ್ರಿ ಪಾಪ! ನಮ್ಮ ಅಪ್ಪಾ ಹಿಡದ ಪ್ಲಾಟಿನ ಮ್ಯಾಲ ಯಾವಾಗಿಂದ ಕಣ್ಣು ಬಿತ್ತು ನಿಮಗ? ಹಬ್ಬಕ್ಕ ಬಂದಾಗ ನನ್ನ ತಲಿ ಬಾಚಿ ಹೂವು ಮುಡಿಸಿದ್ರಿ. ಅವಾಗೇ ಪ್ಲಾಟು ಅಳೀಲಿಕ್ಕತ್ತಿದ್ರೇನು?"

ಮಹಾಮಾಯಾ ಗಂಡನ ಕಡೆ ನೋಡಿದಳು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದ ನಾಗಸೇನ ಗೋಡೆಯ ಕಡೆ ನೋಡುತ್ತ ಹೇಳಿದ: "ಪಾರ್ಟಿಶನ್ ಬೇಕಾಗಿದ್ರ ನನಗೊಂದು ಮಾತು ಹೇಳಬೇಕಿತ್ತು, ಮಾಯಾ."

"ನಾ ನನ್ನ ಕಿವಿಲೇ ಕೇಳೀನಿ," ಎಂದರು ಕೌಸಲ್ಯಾಬಾಯಿ. "ಭಾಲ್ಕಿದು ತಗದು ಬೀದರಕ್ಕ ಹಾಕ್ತಾಳಂತ. ಔರಾದದು ಮುಟ್ಟಂಗಿಲ್ಲಂತ. ಬಿಡೂತನಾ ಕೂಡ್ತಾಳಂತ. ಒಲಿ ಬ್ಯಾರೆ ಬೇಕಂದ್ರ ಮಾರಿ ಮುಂದ ಕೇಳಬೇಕವಾ, ರೊಟ್ಟಿ ಬಡಕೋತ ಕಾರಸ್ತಾನ ಮಾಡಬಾರದು."

ಮಹಾಮಾಯಾಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಬಾಗಿಲ ಚೌಕಟ್ಟು ಹಿಡಿದು ನಕ್ಕಳು. ಸ್ವೆಟರ್ ಕೈಯಿಂದ ಜಾರಿ ಬಿತ್ತು.

"ಅಯ್ಯೋ ಅತ್ತಿ, ಅದು ಮಶೀನಿನ ಪಾರ್ಟಿಶನ್ರಿ! ನಮ್ಮ ಆಫೀಸಿನ ಮಶೀನು. ಅದರಾಗ ಭಾಲ್ಕಿದೊಂದು ಭಾಗ, ಬೀದರದೊಂದು ಭಾಗ, ಔರಾದದೊಂದು ಭಾಗ. ಒಂದು ಬೋರ್ಡು ಅಲ್ಲಿಂದ ತಗದು ಇಲ್ಲಿ ಹಾಕೂದದ. ಸಾಬ್ರಂದ್ರ ನಮ್ಮ ಫಕ್ರೋದ್ದೀನ ಸಾಬ್ರು, ವಕೀಲ ಅಲ್ಲ."

ಸಪನಾ ಮೊದಲು ಬಾಯಿ ತೆರೆದಳು, ಆಮೇಲೆ ಚಪ್ಪಲಿ ಬಿಟ್ಟಳು, ಆಮೇಲೆ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಅವ್ವಾ, ನಾ ರಾತ್ರಿ ಅನ್ನ ಉಂಡಿಲ್ಲ! ನಮ್ಮ ಮನ್ಯಾವರಂತೂ ಪ್ಲಾಟಿನ ಜಾಲಿ ಕಡಿಸಲಿಕ್ಕಿ ಆಳು ಹೇಳಿ ಬಂದಾರ!"

"ನನಗೇನು ಗೊತ್ತವಾ, ಮಶೀನಿಗೂ ಪಾಲು-ವಾಟಣಿ ಮಾಡ್ತಾರಂತ?" ಕೌಸಲ್ಯಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. "ನನ್ನ ಜೀವ ಈಗ ಜಾಗಾಕ್ಕ ಬಂತು ನೋಡು. ಸಪನಾ ಹಸದು ಬಂದಾಳ. ಮಾಯಾ, ಕಡ್ಲಿ ಬ್ಯಾಳಿ ಒಲಿ ಮ್ಯಾಲ ಇಡು. ಹೋಳಿಗಿ ಮಾಡೋಣ ಇವತ್ತ."

ಮಾಡೋಣ. ಈ ಮನೆಯ ವ್ಯಾಕರಣದಲ್ಲಿ ಆ ಮಾತು ಯಾವಾಗಲೂ ಬಹುವಚನ. ಹೂರಣ ರುಬ್ಬುವ ಕೈ ಮಾತ್ರ ಏಕವಚನ. ಬೇಳೆ ಬೇಯಿಸಿ, ಬಸಿದು, ಬೆಲ್ಲ ಹಾಕಿ ತಿರುವಿ, ರುಬ್ಬಿ, ಕಣಕ ನಾದಿ, ಒಂದೊಂದನ್ನೇ ಲಟ್ಟಿಸಿ ಬೇಯಿಸುವಷ್ಟರಲ್ಲಿ ಐತವಾರ ಮುಗಿಯುತ್ತದೆ. ಕಳ್ಳಿಯೆಂದು ಬಗೆದದ್ದಕ್ಕೆ ಪ್ರಾಯಶ್ಚಿತ್ತವಾಗಿ ಸಿಹಿ ಊಟ, ಅದನ್ನೂ ಕಳ್ಳಿಯೇ ಅಟ್ಟು ಬಡಿಸಬೇಕು.

"ನಾ ಆಫೀಸಿಗಿ ಹೋಗಬೇಕ್ರಿ," ಎಂದಳು ಮಹಾಮಾಯಾ.

"ಫೋನ್ ಮಾಡಿ ನಾಳಿ ಬರ್ತೇನಿ ಅನ್ನು," ಎಂದ ನಾಗಸೇನ. ಮನಸ್ಸು ಹಗುರಾಗಿ ಅವನ ದನಿಯೂ ಹಗುರಾಗಿತ್ತು. "ಮಶೀನು ಎಲ್ಲಿ ಓಡಿ ಹೋಗ್ತದ?"

ಮಹಾಮಾಯಾ ಸ್ವೆಟರ್ ಎತ್ತಿಕೊಂಡಳು. ಹೇಳಬೇಕಾದದ್ದನ್ನು ನಿಂತುಕೊಂಡೇ ಹೇಳಿದಳು. ಸಾಬರು ನಿವೃತ್ತರಾಗುವುದು, ಇನ್‌ಚಾರ್ಜ್ ಹುದ್ದೆ, ಇವತ್ತಿನ ಕೆಲಸದ ಮೇಲೆ ಅದು ನಿಂತಿರುವುದು, ಇವತ್ತೇ ಹೂಂ ಅಥವಾ ಊಹೂಂ ತಿಳಿಸಬೇಕಾಗಿರುವುದು.

ನಗು ನಿಂತಿತು.

"ರಾತ್ರಿ ಪಾಳಿ ಅದೇನು?" ಎಂದು ಕೇಳಿದರು ಕೌಸಲ್ಯಾಬಾಯಿ.

"ಅದರಿ. ವಾರದಾಗ ಎರಡು ರಾತ್ರಿ."

"ಮತ್ತ ಮನಿ?"

ಈ ಪ್ರಶ್ನೆ ಮಹಾಮಾಯಾಳಿಗೆ ಮಾತ್ರ ಕೇಳುವ ಪ್ರಶ್ನೆ. ನಾಗಸೇನ ಬುದ್ಧವಿಹಾರದ ಕಾರ್ಯಕ್ರಮಗಳಿಗೆಂದು ಊರೂರು ತಿರುಗಿ ಸಮತೆಯ ಮೇಲೆ ಭಾಷಣ ಮಾಡಿ, ರಾತ್ರಿ ಎಷ್ಟು ಹೊತ್ತಿಗೋ ಮನೆ ಸೇರುವಾಗ ಯಾರೂ ಅವನಿಗೆ ಮತ್ತ ಮನಿ ಎಂದಿರಲಿಲ್ಲ. ಅವನ ಭಾಷಣ ಚೆನ್ನಾಗಿರುತ್ತಿತ್ತು. ಅವಳೂ ಕೇಳಿದ್ದಳು, ಹಿಂದಿನ ಸಾಲಿನಲ್ಲಿ, ಎಲ್ಲರಿಗೂ ಚಹಾ ಸೋಸುತ್ತ. ಅವಳು ಅವನನ್ನೇ ನೋಡಿದಳು.

"ವಿಚಾರ ಮಾಡೋಣಲ್ಲ," ಎಂದ ನಾಗಸೇನ. "ಅವ್ವಾ ಹೂಂ ಅಂದ್ರ ನಂದೇನೂ ಇಲ್ಲ."

"ನಾಗಸೇನ ಹೂಂ ಅಂದ್ರ ನಂದೇನೂ ಇಲ್ಲವಾ," ಎಂದರು ಕೌಸಲ್ಯಾಬಾಯಿ.

"ನಾನಾಗಿದ್ರ ಬಿಡ್ತಿದ್ದೆ ವೈನಿ," ಎಂದಳು ಸಪನಾ. "ರಾತ್ರಿ ಮಶೀನಿನ ಸಂಗಾಟ ಕೂತು ಏನು ಸಿಗ್ತದ?"

ಮೂವರನ್ನೂ ನೋಡುತ್ತ ನಿಂತ ಮಹಾಮಾಯಾಳಿಗೆ ಒಂದು ಮಾತು ಹೊಳೆಯಿತು. ಅಲ್ಲಿನ ಮಶೀನಿಗೆ ಊರಿಗೊಂದಾದರೂ ಬೋರ್ಡಿದೆ. ಇಲ್ಲಿ ಅತ್ತೆಯ ಮೊಣಕಾಲಿಗೂ, ಗಂಡನ ಅಂಗಿಗೂ, ಮಗಳ ಪರೀಕ್ಷೆಗೂ, ಸಪನಾಳ ಬಾಣಂತನಕ್ಕೂ ಒಂದೇ ಬೋರ್ಡು. ಬೇಕಾದವರು ಬೇಕಾದಾಗ ಕಿತ್ತು ಹಾಕಿಕೊಳ್ಳುತ್ತಾರೆ, ಬಿಡುತ್ತೀಯಾ ಎಂದು ಕೇಳುವ ಪದ್ಧತಿಯಿಲ್ಲ.

"ನಾ ಕೇಳಲಾರದ ಪಾರ್ಟಿಶನ್ನಿಗಿ ಮೂರೂ ಮಂದಿ ಓಡಿ ಬಂದು ಕೂತ್ರಿ," ಎಂದಳು. ಅವಳ ದನಿ ಏರಲಿಲ್ಲ. "ನಿನ್ನಿ ಇಡೀ ದಿನ ಒಬ್ಬರೂ ನನ್ನ ಕೇಳಲಿಲ್ಲ, ಖರೇ ಏನು ಮಾಯಾ ಅಂತ. ಇವತ್ತ ನಾ ಬಾಯಿ ತಗದು ಕೇಳೀನಿ. ಈಗ ನಿಮ್ಮಿಬ್ಬರದೂ ಏನೂ ಇಲ್ಲಂತ! ಕಡ್ಲಿ ಬ್ಯಾಳಿ ಮ್ಯಾಲಿನ ಸಾಲಿನಾಗ ಅದ. ಬೆಲ್ಲ ಅದರ ಬಾಜೂಕ. ನಾ ಹೊಂಟೀನಿ."

"ಹೂರಣ ಯಾರು ರುಬ್ಬಬೇಕು?" ಎಂದು ಹಿಂದಿನಿಂದ ಕೇಳಿದ್ದು ಯಾರ ದನಿಯೋ, ಅವಳು ತಿರುಗಿ ನೋಡಲಿಲ್ಲ.

ಐತವಾರದ ಕಚೇರಿಯಲ್ಲಿ ಕಾವಲುಗಾರನ ಹೊರತು ಯಾರೂ ಇರಲಿಲ್ಲ. ಮಶೀನ್ ಖೋಲಿಯ ಥಂಡಿಗೆ ಸ್ವೆಟರ್ ಹಾಕಿಕೊಂಡು ಅವಳು ಕೀಲಿಮಣೆಯ ಮುಂದೆ ಕೂತಳು. ಮೂರೂ ಪಾರ್ಟಿಶನ್ನುಗಳ ಸ್ಥಿತಿ ನೋಡಿದಳು. ಔರಾದದಲ್ಲಿ ಐತವಾರವೂ ಖರೀದಿ ನಡೆದೇ ಇತ್ತು. ಅಪ್ಪನಂಥವರು ಅಲ್ಲಿ ಚೀಲ ಹಾಕಿಕೊಂಡು ಸಾಲಿನಲ್ಲಿ ನಿಂತಿರುತ್ತಾರೆ. ಅದಕ್ಕೆ ಕೈ ಹಚ್ಚುವ ಹಾಗಿಲ್ಲ. ಭಾಲ್ಕಿಗೆ ಬೋರ್ಡು ಬಿಡಲು ಹೇಳಿದಳು.

ಭಾಲ್ಕಿ ಬಿಡಲಿಲ್ಲ. ಬೋರ್ಡು ಕೆಲಸದಲ್ಲಿದೆ ಎಂದು ಪರದೆಯ ಮೇಲೆ ಒಂದು ಸಾಲು ಮೂಡಿ ನಿಂತಿತು.

ಬೋರ್ಡು ಬಿಡಬೇಕಾದರೆ ಅದರ ನೆನಪಿನಲ್ಲಿರುವುದೆಲ್ಲ ಮೊದಲು ಪಕ್ಕದ ಬೋರ್ಡಿಗೆ ದಾಟಬೇಕು. ಏನೋ ಒಂದು ಹಿಡಿದುಕೊಂಡು ಕೂತಿದೆ. ಅವಳು ಭಾಲ್ಕಿ ಕಚೇರಿಯ ಸಂಜುಕುಮಾರನಿಗೆ ಫೋನ್ ಮಾಡಿದಳು.

"ಸಂಜುಕುಮಾರವರ, ಎಲ್ಲಾ ಬಂದ್ ಮಾಡ್ರಿ ಅಂದಿದ್ನಲ್ರಿ?"

"ಎಲ್ಲಾ ಬಂದ್ ಅದಾವರಿ ಮೇಡಂ. ನಾ ಒಬ್ಬನೇ ಅದೀನಿ, ಪೇಪರ್ ಓದ್ಲಿಕ್ಕತ್ತೀನಿ."

"ಒಂದು ಏನೋ ಓಡ್ಲಿಕ್ಕತ್ತದ ನೋಡ್ರಿ."

"ಅದೇನ್ರಿ, ಅದಾ? ಗೋದಾಮಿನ ಲೆಕ್ಕ ಜೋಡಸೂದರಿ. ಅದು ದಿನಾ ತನ್ನಷ್ಟಕ್ಕ ತಾನೇ ಓಡ್ತದರಿ, ಅದರ ಕಡಿಗಿ ಯಾರೂ ಲಕ್ಷ ಕೊಡಂಗಿಲ್ಲ."

"ಯಾರೂ ಲಕ್ಷ ಕೊಡಲಾರದ್ದೇ ಇಡೀ ಬೋರ್ಡು ಹೊತ್ತು ನಿಂತದರಿ. ಅದು ನಡುವಿನಾಗ ಅದ, ಈಗ ಕೊಲ್ಲಬ್ಯಾಡ್ರಿ. ಮುಗೀಲಿ. ಮತ್ತ ಸುರು ಆಗಲಾರದಂಗ ಇವತ್ತಿನ ಮಟ್ಟಿಗಿ ನಿಂದರಸ್ರಿ."

"ಮುಗೀಲಿಕ್ಕಿ ಹೊತ್ತಾಗ್ತದ್ರಿ."

"ಆಗಲಿ. ನೀವು ಪೇಪರ್ ಓದ್ರಿ."

ಕಾಯುತ್ತಿರುವಾಗ ಕಾರ್ಯದರ್ಶಿ ಶಿವರಾಜಪ್ಪನವರ ಫೋನ್ ಬಂತು. ನಾಳೆ ಬೆಳಗಾದರೆ ಬೀದರದ ಯಾರ್ಡಿನಲ್ಲಿ ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ ಎಂಬ ಚಿಂತೆ ಅವರದು.

"ಇನ್ನಾ ಆಗಿಲ್ಲೇನವಾ? ಜಬರದಸ್ತಿ ತಗೀಲಿಕ್ಕಿ ಬರ್ತದಂತ ಸಾಬ್ರೇ ಒಮ್ಮೆ ಅಂದಿದ್ರಲ್ಲ?"

"ಬರ್ತದರಿ ಸರ್. ಒಂದೇ ಅಕ್ಷರ ಹೆಚ್ಚಿಗಿ ಹೊಡದ್ರ ಆಯ್ತು. ಬೋರ್ಡು ಕಿತ್ತಿ ಬರ್ತದ. ಭಾಲ್ಕಿ ಬಿದ್ದು ಹೋಗ್ತದ."

"ಐತವಾರ ಅದ. ಬಿದ್ರ ಎಬ್ಬಸಿದ್ರಾಯ್ತು."

"ಎಬ್ಬಸಾವರು ಯಾರ್ರಿ ಸರ್?"

"ನೀವೇ ಅಲ್ಲೇನು?"

"ಹೌದ್ರಿ, ನಾನೇ. ನೀವು ಬೀಳಸ್ರಿ ಅನ್ನೂದು, ನಾ ರಾತ್ರಿ ಎಲ್ಲಾ ಕೂತು ಎಬ್ಬಸೂದು. ಅದು ನನ್ನಿಂದ ಆಗಂಗಿಲ್ಲ. ಕೇಳಿ ತಗೋತೇನಿ, ಕಸಗೊಳ್ಳಂಗಿಲ್ಲ. ನಾಳಿ ಯಾರ್ಡಿಗಿ ತಡಾ ಆದ್ರ ನನ್ನ ಕೇಳ್ರಿ."

ಇಂಥ ಮಾತು ಅವಳು ಕಾರ್ಯದರ್ಶಿಗೆ ಹಿಂದೆಂದೂ ಆಡಿದವಳಲ್ಲ. ಬೆಳಗ್ಗೆ ಮನೆಯ ಬಾಗಿಲಲ್ಲಿ ಒಮ್ಮೆ ಬಿಚ್ಚಿದ ಬಾಯಿ, ಈಗ ಮುಚ್ಚಲು ಮನಸ್ಸು ಮಾಡಲಿಲ್ಲ ಅಷ್ಟೆ. ಶಿವರಾಜಪ್ಪನವರು "ಆಯ್ತಾಯ್ತು" ಎಂದು ಫೋನ್ ಇಟ್ಟರು.

ಗೋದಾಮಿನ ಲೆಕ್ಕ ಮುಗಿಯಿತು. ಅವಳು ಮತ್ತೆ ಕೇಳಿದಳು. ಈ ಸಲ ಭಾಲ್ಕಿ ಒಪ್ಪಿತು. ನೆನಪು ಒಂದು ಬೋರ್ಡಿನಿಂದ ಇನ್ನೊಂದಕ್ಕೆ ದಾಟುವಾಗ ಭಾಲ್ಕಿಯ ಪಾರ್ಟಿಶನ್ ಉಸಿರು ಬಿಗಿಹಿಡಿದಂತೆ ಸ್ತಬ್ಧವಾಯಿತು. ಅವಳೂ ಉಸಿರು ಹಿಡಿದಳು. ಆಮೇಲೆ ಪರದೆಯ ಸಾಲುಗಳು ಚಲಿಸಿದವು. ಭಾಲ್ಕಿ ಎದ್ದು ಕೂತಿತು. ಬೋರ್ಡು ಯಾರದೂ ಅಲ್ಲದ್ದಾಗಿ ಒಂದು ಗಳಿಗೆ ನಿಂತಿತು. ಪರದೆಯ ಆ ಸಾಲನ್ನು ಅವಳು ಬೇಕಿದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದಳು. ಆಮೇಲೆ ಬೀದರಕ್ಕೆ ಸೇರಿಸಿದಳು. ಬೀದರ ಅದನ್ನು ತಪಾಸಣೆ ಮಾಡಿ, ತನ್ನದೆಂದು ಎಣಿಸಿಕೊಂಡಿತು. ಔರಾದದಲ್ಲಿ ತೂಕದ ಚೀಟಿಗಳು ನಡುವೆ ಒಂದೂ ನಿಲ್ಲದೆ ಬೀಳುತ್ತಿದ್ದವು.

ಕೆಲಸ ಮುಗಿಯಿತೆಂದು ಕಾರ್ಯದರ್ಶಿಗೆ ತಿಳಿಸಿ ಅವಳು ಕುರ್ಚಿಗೆ ಒರಗಿದಾಗ ಗಂಡನ ಫೋನ್.

"ಮಾಯಾ, ಬ್ಯಾಳಿ ತಳಾ ಹಿಡದದ."

"ನೀರು ಎಷ್ಟು ಹಾಕಿದ್ರಿ?"

"ನಾ ಎಲ್ಲಿ ಹಾಕ್ದೆ? ಸಪನಾ ಹಾಕಿದ್ಲು. ಅವ್ವಾಗೂ ಅಕಿಗೂ ಅದರ ಮ್ಯಾಲೇ ಜಗಳ ಹತ್ತ್ಯದ." ದನಿ ತಗ್ಗಿಸಿ ಮುಂದುವರಿಸಿದ: "ನೋಡು, ಅವ್ವಾ ಸಿಟ್ಟಿಗಿ ಬಂದಾಳ. ನೀ ಜಲ್ದಿ ಬಾ. ಆ ಹುದ್ದಿ ವಿಷಯ ಸಂಜಿಗಿ ಎಲ್ಲಾರೂ ಕೂತು ಮಾತಾಡೋಣ. ಅಲ್ಲೀತನಾ ಹೂಂ ಅನಬ್ಯಾಡ, ಅಷ್ಟೇ ನಾ ಕೇಳೂದು."

"ಸಂಜಿಗಿ ನೀವು ಏನಂತೀರಿ?"

"ಏನಂತೀನಿ... ಅವ್ವಾ ಏನಂತಾಳ ನೋಡೋಣ."

"ನಾ ಕೇಳಿದ್ದು ನೀವು ಏನಂತೀರಿ ಅಂತರಿ."

ಆ ಕಡೆಯಿಂದ ಕುಕ್ಕರಿನ ಮುಚ್ಚಳ ಬಿದ್ದ ಸದ್ದು, ಸಪನಾಳ ಕೂಗು. ನಾಗಸೇನ "ಆಮ್ಯಾಲ ಹಚ್ತೇನಿ" ಎಂದ.

ಅವನು ಕೆಟ್ಟವನಲ್ಲ. ಅದು ಅವಳಿಗೆ ಗೊತ್ತು, ಅದೇ ತೊಡಕು. ಕೆಟ್ಟವನಾಗಿದ್ದರೆ ಎಂದೋ ಒಂದು ಊಹೂಂ ಅನ್ನುತ್ತಿದ್ದ, ಅವಳು ಅದರ ಎದುರು ನಿಲ್ಲುತ್ತಿದ್ದಳು. ಸಂಜೆಯ ಮಾತು ಹೇಗಿರುತ್ತದೆಂದೂ ಅವಳಿಗೆ ಗೊತ್ತಿತ್ತು. ನೋಡೋಣ ಎನ್ನುತ್ತಾರೆ. ಮಗಳ ಪರೀಕ್ಷೆ ಮುಗಿಯಲಿ ಎನ್ನುತ್ತಾರೆ. ಅತ್ತೆಯ ಮೊಣಕಾಲು ಮಾತಿನ ನಡುವೆ ಒಮ್ಮೆ ನೋಯುತ್ತದೆ. ಯಾರೂ ಬೇಡ ಎನ್ನುವುದಿಲ್ಲ, ಮತ್ತು ಇವತ್ತಿನ ಐತವಾರ ದಾಟಿ ಹೋಗುತ್ತದೆ.

ಹೈದರಾಬಾದಿನಿಂದ ಸಾಬರ ಫೋನ್ ಬಂದಾಗ ಅವಳು ಸ್ವೆಟರಿನ ತೋಳೊಳಗೆ ಕೈ ಹುದುಗಿಸಿಕೊಂಡು ಕೂತಿದ್ದಳು.

"ಶಾಬಾಶ್ ಬೇಟಿ! ಶಿವರಾಜಪ್ಪನವರು ಹೇಳಿದ್ರು. ಜಬಾನ್ ಭಾಳ ಚಾಲೂ ಅದ ಅಂತನೂ ಹೇಳಿದ್ರು. ಈಗ ಅವರು ಹೆಸರು ಕಳಸ್ಲಿಕ್ಕಿ ಕೂತಾರ. ಮನ್ಯಾಗ ಕೇಳಿದ್ಯಾ?"

"ಸಾಬ್ರ, ನಿಮ್ಮನ್ನ ಇನ್‌ಚಾರ್ಜ್ ಮಾಡೂವಾಗ ನಿಮ್ಮ ಮನ್ಯಾಗ ಕೇಳಿದ್ರೇನ್ರಿ?"

ಸಾಬರು ಗಟ್ಟಿಯಾಗಿ ನಕ್ಕರು. "ಕೇಳಿದ್ರ ನಮ್ಮ ಬೇಗಂ ಎಲ್ಲಾ ರಾತ್ರಿನೂ ಇವರಿಗೇ ಹಾಕ್ರಿ ಅಂತಿದ್ಲು!" ಆಮೇಲೆ ನಗು ತಗ್ಗಿತು. "ಬೇಕಂದ್ರ ನಾಳೀತನಾ ತಡೀರಿ ಅಂತ ನಾ ಹೇಳಿ ನೋಡ್ತೇನಿ. ಖಾತ್ರಿ ಇಲ್ಲ. ಆದ್ರ ಬೇಟಿ, ಮನಿ ಅಂದ್ರ ಮನಿ. ನೀ ಏನಂತಿ?"

ಆ ಕೋಣೆಯಲ್ಲಿ ಕೇಳಲು ಇನ್ಯಾರೂ ಇರಲಿಲ್ಲ. ಅಲಮಾರಿಯ ಒಳಗಿನ ಫ್ಯಾನುಗಳ ಹೂಂಕಾರ ಒಂದೇ. ಹೊರಗೆ ಎಲ್ಲೋ ಒಂದು ಟ್ರ್ಯಾಕ್ಟರ್ ಯಾರ್ಡಿನ ಕಡೆ ತಿರುಗುತ್ತಿತ್ತು.

"ನಾಳೀತನಾ ತಡಿಯೂದು ಬ್ಯಾಡ್ರಿ," ಎಂದಳು ಮಹಾಮಾಯಾ. "ನನ್ನ ಹೆಸರು ಕಳಸ್ಲಿಕ್ಕಿ ಹೇಳ್ರಿ."

"ಮನ್ಯಾಗ?"

"ಮನ್ಯಾಗ ಕೇಳಂಗಿಲ್ಲ ಸಾಬ್ರ. ಹೇಳ್ತೇನಿ."

"ಹೊಸಾ ಬೋರ್ಡು ಹಾಕಿದ ರಾತ್ರಿ ಒಬ್ಬರು ಕಾಯಬೇಕಾಗ್ತದ. ಅದನ್ನ ಯಾರಿಗಿ ಹಾಕ್ಲಿ?"

ಅವಳು ಪರದೆಯ ಮೇಲೆ ಬೀದರದ ಸಾಲನ್ನು ಇನ್ನೊಮ್ಮೆ ನೋಡಿದಳು.

"ನನಗೇ ಹಾಕ್ರಿ," ಎಂದಳು. "ಇವತ್ತಿಂದೇ."